ಚಪ್ಪಲಿ ಬಿಟ್ಟ ಜಾಗ

ಬೆಳಿಗ್ಗೆ ಎದ್ದ ಕೂಡಲೇ ಕೆಲವರು ದೇವರ ಪಟ ನೋಡುತ್ತಾರೆ, ಇನ್ನು ಕೆಲವರು ಫೋನ್ ನೋಡುತ್ತಾರೆ. ನಾನು ಮುಂಬಾಗಿಲು ತೆರೆದು, ಹೊರಗೆ ಸಾಲಾಗಿ ಬಿಟ್ಟಿರುವ ಚಪ್ಪಲಿ, ಶೂಗಳನ್ನು ಒಂದೊಂದಾಗಿ ಎತ್ತಿ ನೆಲಕ್ಕೆ ಬಡಿಯುತ್ತೇನೆ. ಈ ದೇಶದಲ್ಲಿ ರೆಡ್‌ಬ್ಯಾಕ್ ಎಂಬ ಜೇಡ ಇದೆ. ಬಟಾಣಿಯಷ್ಟು ಮೈ, ಬೆನ್ನ ಮೇಲೊಂದು ಕೆಂಪು ಪಟ್ಟೆ, ಕಚ್ಚಿದರೆ ಆಸ್ಪತ್ರೆ. ಹೊರಗೆ ಬಿಟ್ಟ ಶೂ ಎಂದರೆ ಅದಕ್ಕೆ ಬಾಡಿಗೆಯಿಲ್ಲದ ಮನೆ ಸಿಕ್ಕಂತೆ. ನಾವು ಪರ್ತ್‌ಗೆ ಬಂದ ಹೊಸತರಲ್ಲಿ ಎಲ್ಲರೂ ಹೇಳಿಕೊಟ್ಟ ಮೊದಲ ಪಾಠವೇ ಶೂ ಹೊರಗೆ ಬಿಡಬೇಡಿ ಎಂಬುದು. ಎಷ್ಟೋ ವರ್ಷ ಬಿಟ್ಟಿರಲೂ ಇಲ್ಲ. ಈಗ ಬಿಡುತ್ತೇವೆ, ಬೇಕೆಂದೇ ಬಿಡುತ್ತೇವೆ. ಯಾಕೆಂದು ಹೇಳುತ್ತೇನೆ, ಆದರೆ ಅದಕ್ಕೆ ಮೊದಲು ನೀವು ನನ್ನ ಜೊತೆ ರೋಮ್‌ಗೆ ಹೋಗಿ ಬರಬೇಕು.

ಮೊನ್ನೆ ಹೀಗೆ ಶೂ ಬಡಿಯುತ್ತಿರುವಾಗಲೇ ರಶ್ಮಿಯ ಫೋನ್ ಬಂತು. ರಶ್ಮಿ ನನ್ನ ಚಿಕ್ಕಪ್ಪನ ಮಗಳು. ಅಡಿಲೇಡ್‌ನ ಕಿಲ್ಬರ್ನ್‌ನಲ್ಲಿದ್ದಾಳೆ.

"ಸವಿ ಅಕ್ಕಾ, ನಾವು ರೋಮ್‌ಗೆ ಹೋಗ್ತಿದೀವಿ, ಫಸ್ಟ್ ಟೈಮ್. ನೀನು ಹೋಗ್ಬಂದಿದೀಯಲ್ಲ, ಒಂದೈದು ಟಿಪ್ಸ್ ವಾಟ್ಸಾಪ್ ಮಾಡ್ಬಿಡು."

"ಯಾರ್ಯಾರು ಹೋಗ್ತಿದೀರಾ?"

"ನಾವಿಬ್ರೂ, ಮತ್ತೆ ನಮ್ಮತ್ತೆ. ಮೈಸೂರಿಂದ ಬಂದಿದಾರಲ್ಲ, ಅವರೊಬ್ಬರನ್ನೇ ಮನೇಲಿ ಬಿಟ್ಟು ಹೋಗೋಕಾಗಲ್ಲ. ಯಾಕೆ?"

"ಸುಮ್ನೆ ಕೇಳ್ದೆ. ಕಳಿಸ್ತೀನಿ" ಎಂದೆ. ಆದರೆ ಅವಳ ಅತ್ತೆಯ ವಿಷಯ ಕೇಳಿದ ಮೇಲೆ ಕೈಯಲ್ಲಿದ್ದ ಶೂವನ್ನು ಇನ್ನೊಂದು ಸಲ ಬಡಿದೆ.

ಪ್ರವಾಸದ ಬಗ್ಗೆ ಸಲಹೆ ಕೇಳುವುದಕ್ಕೆ ನನಗಿಂತ ಅಯೋಗ್ಯಳು ಇನ್ನೊಬ್ಬಳಿಲ್ಲ. ನಾನು ಮಹಾ ಪುಕ್ಕಲಿ. ವೃತ್ತಿಯಲ್ಲಿ ಅರಿವಳಿಕೆ ವೈದ್ಯೆ. ಆಪರೇಷನ್ ಟೇಬಲ್ಲಿನ ಮೇಲೆ ಮಲಗಿದವರ ಕೈ ಹಿಡಿದು, "ಏನೂ ಆಗಲ್ಲ, ಹತ್ತರಿಂದ ಕೆಳಗೆ ಎಣಿಸಿ" ಎಂದು ಧೈರ್ಯ ಹೇಳುವುದೇ ನನ್ನ ಸಂಬಳದ ಕೆಲಸ. ಸಂಜೆ ಮನೆಗೆ ಬಂದ ಮೇಲೆ ನನಗೆ ಧೈರ್ಯ ಹೇಳುವವರು ಬೇಕು. ವಸಂತದಲ್ಲಿ ಇಲ್ಲಿ ಮ್ಯಾಗ್‌ಪೈ ಹಕ್ಕಿಗಳು ಮರಿ ಕಾಯುತ್ತಾ ದಾರಿಹೋಕರ ತಲೆಗೆ ಎರಗುತ್ತವೆ. ಆ ತಿಂಗಳುಗಳಲ್ಲಿ ನಾನು ನಮ್ಮ ಬಡಾವಣೆ ಸದರ್ನ್ ರಿವರ್‌ನ ರಸ್ತೆಯಲ್ಲಿ ಬಿಸಿಲಿರಲಿ ಮೋಡವಿರಲಿ ಕೊಡೆ ಬಿಚ್ಚಿಕೊಂಡೇ ಓಡಾಡುತ್ತೇನೆ. ಮಗಳು ಮೇಘಾ ನನ್ನ ಜೊತೆ ನಡೆಯುವುದಿಲ್ಲ. "ಅಮ್ಮಾ, ಸೋ ಎಂಬರಾಸಿಂಗ್!" ಎಂದು ಎದುರು ಫುಟ್‌ಪಾತಿಗೆ ಹೋಗುತ್ತಾಳೆ.

ಇದು ನನಗೆ ಅಪ್ಪನಿಂದ ಬಂದ ಆಸ್ತಿ. ಮೈಸೂರಿನಲ್ಲಿ ನಾವು ಎಲ್ಲಿಗೆ ಹೊರಟರೂ ಅಪ್ಪ ಬೀಗ ಹಾಕಿ ಜಗ್ಗಿ ನೋಡುತ್ತಿದ್ದರು. ಬೀದಿಯ ಕೊನೆಗೆ ಹೋದವರು ವಾಪಸ್ ಬಂದು ಇನ್ನೊಮ್ಮೆ ಜಗ್ಗುತ್ತಿದ್ದರು. ಬಸ್ಸು ಹೊರಟ ಮೇಲೆ ಅವರ ಮುಖ ಬಾಡುತ್ತಿತ್ತು. ಆಗ ಅಮ್ಮ ಕಿಟಕಿಯ ಹೊರಗೆ ನೋಡುತ್ತಲೇ, "ಗ್ಯಾಸ್ ಆಫ್ ಮಾಡಿದೀನಿ, ನಲ್ಲಿ ನಿಲ್ಲಿಸಿದೀನಿ, ಇನ್ನೇನು ಉಳೀತು ಭಯ ಪಡೋಕೆ?" ಎನ್ನುತ್ತಿದ್ದಳು. ಅಮ್ಮನಿಗೆ ಭಯ ಎಂಬುದೇ ಗೊತ್ತಿರಲಿಲ್ಲ. ಹಾವು ಹೊಕ್ಕ ಬಚ್ಚಲಿಗೆ ಪೊರಕೆ ಹಿಡಿದು ಹೋದವಳು ಅವಳು. ಅಪ್ಪ ಆ ಹೊತ್ತಿನಲ್ಲಿ ಮಂಚದ ಮೇಲೆ ನಿಂತು ಹಾವು ಯಾವ ಜಾತಿಯದೆಂದು ವಿಚಾರಿಸುತ್ತಿದ್ದರು.

ನಂಜನಗೂಡಿಗೆ ಹೋದಾಗಲೆಲ್ಲ ದೇವಸ್ಥಾನದ ಮುಂದೆ ಅಮ್ಮ ನಮ್ಮನ್ನು ನಿಲ್ಲಿಸಿ ಒಂದು ಮಾತು ಹೇಳುತ್ತಿದ್ದಳು. "ತಪ್ಪಿಸ್ಕೊಂಡ್ರೆ ಅಲ್ಲಿ ಇಲ್ಲಿ ಹುಡುಕ್ಬೇಡಿ. ಅಳ್ತಾ ನಿಲ್ಬೇಡಿ. ಸೀದಾ ಚಪ್ಪಲಿ ಬಿಟ್ಟ ಜಾಗಕ್ಕೆ ಬನ್ನಿ. ಯಾರು ಎಲ್ಲಿ ಹೋದ್ರೂ ಕೊನೆಗೆ ಚಪ್ಪಲಿಗೆ ಬರ್ಲೇಬೇಕಲ್ಲ."

ಒಂದು ಸೋಮವಾರ ನಾನು ನಿಜವಾಗಿಯೂ ತಪ್ಪಿಸಿಕೊಂಡೆ. ಪ್ರದಕ್ಷಿಣೆಯ ನೂಕುನುಗ್ಗಲಿನಲ್ಲಿ ಯಾರದೋ ಹಸಿರು ಸೆರಗನ್ನು ಅಮ್ಮನದೆಂದು ಹಿಡಿದು ಬಹಳ ದೂರ ಹೋದೆ. ಸೆರಗಿನವರು ತಿರುಗಿ ನೋಡಿದಾಗ ಮುಖ ಬೇರೆ ಇತ್ತು.  ಓಡಿ ಚಪ್ಪಲಿ ಬಿಟ್ಟಲ್ಲಿಗೆ ಬಂದೆ. ಅಪ್ಪನ ದೊಡ್ಡ ಕಪ್ಪು ಚಪ್ಪಲಿ, ಅಮ್ಮನ ಹವಾಯಿ ಚಪ್ಪಲಿ ಅಲ್ಲೇ ಇದ್ದವು. ಅವುಗಳ ಪಕ್ಕ ಕುಕ್ಕರಗಾಲಲ್ಲಿ ಕೂತು ಅಪ್ಪನ ಒಂದು ಚಪ್ಪಲಿಯನ್ನು ಗಟ್ಟಿಯಾಗಿ ಹಿಡಿದುಕೊಂಡೆ. ಅಪ್ಪ ಬಂದವರೇ ನನ್ನನ್ನು ಎತ್ತಿಕೊಂಡರು, ಬಸ್ಸು ಹತ್ತುವವರೆಗೆ ಕೆಳಗಿಳಿಸಲಿಲ್ಲ. ಅಮ್ಮ ಮಾತ್ರ ಪ್ರಸಾದದ ಪೊಟ್ಟಣ ಬಿಚ್ಚುತ್ತಾ, "ನಾನ್ ಹೇಳ್ಲಿಲ್ವಾ, ಇಲ್ಲೇ ಇರ್ತಾಳೆ ಅಂತ" ಎಂದಳು.

ನೋಡಿ, ರೋಮ್ ಎಂದು ಹೊರಟವಳು ನಂಜನಗೂಡಿನಲ್ಲೇ ಉಳಿದುಬಿಟ್ಟೆ. ಹೊರಡೋಣ.

ಅಪ್ಪ ಹೋದ ಮೇಲೆ ಅಮ್ಮ ಪರ್ತ್‌ಗೆ ಬಂದು ನಮ್ಮ ಜೊತೆಗೇ ಇದ್ದಾಳೆ. ಒಂದೆರಡು ವರ್ಷದ ಹಿಂದೆ ಮೇಘಾಳ ಶಾಲೆಯ ರಜೆಯಲ್ಲಿ ಎಲ್ಲರೂ ರೋಮ್‌ಗೆ ಹೋಗುವುದೆಂದು ನನ್ನ ಗಂಡ ಶ್ರೀಧರ ಟಿಕೆಟ್ ತೆಗೆದ. ನಾನು ಕೂಡಲೇ ಬ್ರಿಸ್ಬೇನಿನ ಟೂವಾಂಗ್‌ನಲ್ಲಿರುವ ನಜೀಮಾಗೆ ಫೋನ್ ಮಾಡಿದೆ. ನಜೀಮಾ ಮೈಸೂರಿನಲ್ಲಿ ನನ್ನ ಜೊತೆ ಡಾಕ್ಟರಿಕೆ ಓದಿದವಳು, ಮಕ್ಕಳ ವೈದ್ಯೆ, ಲೋಕ ಸುತ್ತಿದವಳು. ಮೊದಲು ಒಳ್ಳೆಯ ಸಲಹೆಗಳನ್ನೇ ಕೊಟ್ಟಳು.  ನೀರಿನ ಬಾಟಲಿ ಕೊಳ್ಳಬೇಡ, ಬೀದಿಬೀದಿಯಲ್ಲಿ ಸದಾ ಹರಿಯುವ ಕುಡಿಯುವ ನೀರಿನ ನಲ್ಲಿಗಳಿವೆ. ಕಾಫಿಯನ್ನು ನಿಂತೇ ಕುಡಿ, ಕೂತರೆ ಬೆಲೆ ಏರುತ್ತದೆ. ಬಸ್ ಹತ್ತಿದ ಕೂಡಲೇ ಟಿಕೆಟ್‌ಗೆ ಯಂತ್ರದಲ್ಲಿ ಮುದ್ರೆ ಹಾಕಿಸು. ಚರ್ಚುಗಳಿಗೆ ಭುಜ ಮುಚ್ಚುವ ಬಟ್ಟೆ. ರಸ್ತೆಯೆಲ್ಲ ಉಬ್ಬುತಗ್ಗಿನ ಕಲ್ಲು, ಆಂಟಿಗೆ ಒಳ್ಳೆಯ ಶೂ ಕೊಡಿಸು.

ಇಷ್ಟು ಹೇಳಿ ಅವಳು ನಿಲ್ಲಿಸಬಹುದಿತ್ತು. ನಾನೇ ಬಿಡಲಿಲ್ಲ.

"ಲೇ, ಕಳ್ಳರು ಇರ್ತಾರಂತೆ?"

"ಇರ್ತಾರೆ ಕಣೇ. ಜೇಬು ಕತ್ತರಿಸೋದ್ರಲ್ಲಿ ಪಂಟರು. ಪೇಪರ್ ಹಿಡ್ಕೊಂಡು ಹತ್ರ ಬರ್ತಾರೆ, ಆ ಪೇಪರ್ ಕೆಳಗೆ ಕೈ ಆಡ್ಸ್ತಾರೆ. ಆಂಟಿ ಹತ್ರ ಫೋನೂ ದುಡ್ಡೂ ಏನೂ ಕೊಡ್ಬೇಡ. ಎಲ್ಲಾ ನಿನ್ನ ಹತ್ರಾನೇ ಇಟ್ಕೋ."

ಇದಷ್ಟೇ ನನ್ನ ತಲೆಯಲ್ಲಿ ಉಳಿಯಿತು. ಹೊಟ್ಟೆಗೆ ಕಟ್ಟಿಕೊಳ್ಳುವ ಒಂದು ಚೀಲ ಕೊಂಡೆ. ಅದರ ಒಳಗೆ ಇನ್ನೊಂದು ಜೇಬು ಹೊಲಿದೆ. ಎಲ್ಲರ ಪಾಸ್‌ಪೋರ್ಟ್, ದುಡ್ಡು, ಹೋಟೆಲಿನ ಚೀಟಿ, ಅಮ್ಮನ ಫೋನ್, ಅಮ್ಮನ ಬಿಪಿ ಮಾತ್ರೆ ಎಲ್ಲವನ್ನೂ ಅದಕ್ಕೆ ತುಂಬಿ ಮೇಲೆ ಸಡಿಲ ಕುರ್ತಾ ಹಾಕಿಕೊಂಡೆ. ರೋಮ್‌ನ ಬಸ್ಸಿನಲ್ಲಿ ಒಬ್ಬ ಸಜ್ಜನ ನನ್ನನ್ನು ಗರ್ಭಿಣಿಯೆಂದು ತಿಳಿದು ಎದ್ದು ಸೀಟು ಬಿಟ್ಟುಕೊಟ್ಟ. ನಲವತ್ತೆಂಟರ ನಾನು ಅವನ ಎರಡೂ ಕೈಗಳನ್ನು ಗಮನಿಸುತ್ತಾ ಕೂತುಕೊಂಡೆ.

ಎರಡನೆಯ ದಿನ ಪ್ಯಾಂಥಿಯನ್‌ಗೆ ಹೋದೆವು. ಅದು ರೋಮನ್ನರ ಕಾಲದ ದೇವಾಲಯ, ಈಗ ಚರ್ಚು. ಮುಂದುಗಡೆ ಭಾರಿ ಕಲ್ಲಿನ ಕಂಬಗಳ ಮಂಟಪ. ಅಮ್ಮ ಕಂಬಗಳನ್ನು ನೋಡಿದಳು. ಕತ್ತೆತ್ತಿ ಚಾವಣಿ ನೋಡಿದಳು. ಆಮೇಲೆ ಬಗ್ಗಿ ಹೊಸ ಶೂಗಳ ಲೇಸು ಬಿಚ್ಚತೊಡಗಿದಳು.

"ಅಜ್ಜಿ, ಯು ಡೋಂಟ್ ಹ್ಯಾವ್ ಟು!" ಎಂದಳು ಮೇಘಾ.

"ದೇವರಿದಾನೆ ಅಂತೀರಾ, ಕಂಬ ಇದೆ, ಒಳಗೆ ಹಾಕ್ಕೊಂಡು ಹೋಗೋದಾ? ಸ್ಟ್ಯಾಂಡ್ ಎಲ್ಲಿದೆ ಕೇಳು."

"ಇಲ್ಲಿ ಸ್ಟ್ಯಾಂಡ್ ಇರಲ್ಲ ಅತ್ತೆ, ಹಾಗೇ ಬನ್ನಿ" ಎಂದ ಶ್ರೀಧರ. ಅಮ್ಮ ಕೇಳಲಿಲ್ಲ. ಮೂಲೆಯ ಕಂಬದ ಬುಡದಲ್ಲಿ ಶೂಗಳನ್ನು ಜೋಡಿಸಿಟ್ಟು, ಕಾಲುಚೀಲದಲ್ಲೇ ಒಳಗೆ ಹೊರಟಳು. ಹೊಸ ಶೂ, ದುಬಾರಿ ಶೂ, ಊರು ಕಳ್ಳರದು. ಬಿಟ್ಟು ಹೋಗಲು ನನಗೆ ಮನಸ್ಸು ಬರಲಿಲ್ಲ. ಅಷ್ಟು ದೂರದಿಂದ ಹಾರಿ ಹೋದ ನಾನು ಪ್ಯಾಂಥಿಯನ್ನಿನ ಒಳಗನ್ನು ಇವತ್ತಿಗೂ ನೋಡಿಲ್ಲ. ಅವರು ಮೂವರು ಒಳಗಿದ್ದಷ್ಟು ಹೊತ್ತೂ ನಾನು ಹೊರಗೆ ನಿಂತು ಅಮ್ಮನ ಶೂ ಕಾಯುತ್ತಿದ್ದೆ.

ಅಮ್ಮ ಹೊರಗೆ ಬಂದವಳು, "ಚಾವಣಿ ಮಧ್ಯೆ ಇಷ್ಟು ದೊಡ್ಡ ತೂತು ಬಿಟ್ಟಿದಾರೆ ಕಣೇ. ಮಳೆ ಬಂದ್ರೆ ದೇವ್ರಿಗೇ ಸ್ನಾನ" ಎಂದು ಸಂತೋಷದಿಂದ ಶೂ ಹಾಕಿಕೊಂಡಳು.

ಅಲ್ಲಿಂದ ಟ್ರೆವಿ ಕಾರಂಜಿಗೆ ನಡೆದು ಹೊರಟೆವು. ಇಕ್ಕಟ್ಟಾದ ಗಲ್ಲಿಗಳು, ಒಂದರೊಳಗೊಂದು. ಶ್ರೀಧರ ಫೋನಿನ ಮ್ಯಾಪಿನಲ್ಲಿ ಮುಳುಗಿದ್ದ. ಮೇಘಾ ಕಿಟಕಿಗಳ ಫೋಟೋ ತೆಗೆಯುತ್ತಿದ್ದಳು. ಎದುರಿನಿಂದ ಒಬ್ಬ ಬಂದ. ಕಂದು ಜಾಕೆಟ್, ಕುರುಚಲು ಗಡ್ಡ, ಕೈಯಲ್ಲಿ ಮಡಿಸಿದ ಪೇಪರ್! ನಾನು ಎರಡೂ ಕೈಯಿಂದ ಹೊಟ್ಟೆಯ ಚೀಲವನ್ನು ಅವಚಿಕೊಂಡು ಗೋಡೆಗೆ ಅಂಟಿ ನಿಂತೆ. ಅವನು ನಮ್ಮನ್ನು ದಾಟಿ, ಒಂದು ಬೆಂಚಿನ ಮೇಲೆ ಕೂತು, ಪೇಪರ್ ಬಿಚ್ಚಿ, ಅದನ್ನು ಓದತೊಡಗಿದ. ನಾನು ನಿಟ್ಟುಸಿರು ಬಿಟ್ಟು, "ಬಾ ಅಮ್ಮ" ಎಂದು ಕೈ ಚಾಚಿದೆ. ಅಮ್ಮ ಇರಲಿಲ್ಲ.

ಮೊದಲು ಹಿಂದಿನ ಅಂಗಡಿಯೊಳಗೆ ನೋಡಿದೆ. ಆಮೇಲೆ ಅದರ ಮುಂದಿನದು. "ಅಮ್ಮಾ" ಎಂದು ಕೂಗಿದೆ. ಕೂಗು ನನ್ನದಲ್ಲವೆನ್ನುವ ಹಾಗೆ ಕೀರಲಾಗಿತ್ತು. ನಂಜನಗೂಡಿನಲ್ಲಿ ಹಸಿರು ಸೆರಗು ಹಿಡಿದು ತಪ್ಪಿಸಿಕೊಂಡ ಹುಡುಗಿ ಮತ್ತೆ ನಾನೇ ಆಗಿದ್ದೆ. ಅಮ್ಮನಿಗೆ ಬರುವುದು ಕನ್ನಡ, ಒಂದಿಷ್ಟು ಹಿಂದಿ. ಇಂಗ್ಲಿಷಿನಲ್ಲಿ ಥ್ಯಾಂಕ್ಯೂ. ಅವಳ ಫೋನ್ ನನ್ನ ಹೊಟ್ಟೆಯ ಮೇಲಿತ್ತು. ಹೋಟೆಲಿನ ಹೆಸರು, ದುಡ್ಡು, ಮಾತ್ರೆ, ಅವಳು ಯಾರೆಂದು ಹೇಳುವ ಪಾಸ್‌ಪೋರ್ಟ್, ಎಲ್ಲವೂ ನನ್ನ ಹೊಟ್ಟೆಯ ಮೇಲೆ ಭದ್ರವಾಗಿದ್ದವು. ಅಮ್ಮನನ್ನು ಬಿಟ್ಟು ಬೇರೆ ಏನೂ ಕಳೆದಿರಲಿಲ್ಲ.

ಮೇಘಾ ಅಲ್ಲೇ ನಿಂತಳು. ಶ್ರೀಧರ ಕಾರಂಜಿಯ ಕಡೆ ಓಡಿದ. ನಾನು ಗಲ್ಲಿಯ ತುದಿಯಲ್ಲಿ ಕಂಡ ಪೊಲೀಸಿನವಳ ಬಳಿ ಹೋದೆ. ಅವಳು ಶಾಂತವಾಗಿ ಕೇಳಿದಳು, ನಿಮ್ಮ ತಾಯಿ ಏನು ಉಟ್ಟಿದ್ದಾರೆ? ಸೀರೆ ಎಂದೆ. ಯಾವ ಬಣ್ಣ? ನನಗೆ ನೆನಪಾಗಲಿಲ್ಲ. ಪೇಪರ್ ಹಿಡಿದವನ ಜಾಕೆಟ್ಟಿನ ಬಣ್ಣ ಗೊತ್ತಿತ್ತು, ಅವನ ಗಡ್ಡ ಗೊತ್ತಿತ್ತು. ಅಮ್ಮನ ಸೀರೆಯ ಬಣ್ಣ ಗೊತ್ತಿರಲಿಲ್ಲ. ಬೆಳಗಿನಿಂದ ನಾನು ಊರಿನವರ ಕೈಗಳನ್ನೆಲ್ಲ ನೋಡಿದ್ದೆ, ಅಮ್ಮನನ್ನು ನೋಡಿರಲಿಲ್ಲ. ನಾನು ಆ ಬೀದಿಯಲ್ಲಿ ನಿಂತು ಅತ್ತುಬಿಟ್ಟೆ.

ಪೊಲೀಸಿನವಳು ನನ್ನ ತೋಳು ಹಿಡಿದು, ನಾನು ರೋಗಿಗಳ ಜೊತೆ ಮಾತಾಡುವ ದನಿಯಲ್ಲೇ ಇನ್ನೊಂದು ಪ್ರಶ್ನೆ ಕೇಳಿದಳು. ದಾರಿ ತಪ್ಪಿದರೆ ನಿಮ್ಮ ತಾಯಿ ಎಲ್ಲಿಗೆ ಹೋಗುತ್ತಾರೆ?

ನಾನು ಓಡಿದೆ. ಗರ್ಭಿಣಿಯೊಬ್ಬಳು ಹಾಗೆ ಓಡುವುದನ್ನು ರೋಮ್ ನೋಡಿರಲಿಕ್ಕಿಲ್ಲ.

ಅಮ್ಮ ಪ್ಯಾಂಥಿಯನ್ನಿನ ಮೂಲೆಯ ಕಂಬದ ಬುಡದಲ್ಲಿ ಕೂತಿದ್ದಳು. ನೇರಳೆ ಸೀರೆ. ಶೂಗಳನ್ನು ಬಿಚ್ಚಿ ಅದೇ ಜಾಗದಲ್ಲಿ ಜೋಡಿಸಿಟ್ಟಿದ್ದಳು. ಕಾವಲಿನವನು ಎಬ್ಬಿಸಿದರೂ ಥ್ಯಾಂಕ್ಯೂ ಎಂದು ಹೇಳಿ ಮತ್ತೆ ಕೂತಳಂತೆ. ನನ್ನ ಮುಖ ನೋಡಿ ಅವಳಿಗೇ ಗಾಬರಿಯಾಯಿತು.

"ಯಾಕೇ ಹೀಗೆ ಏದುಸಿರು ಬಿಡ್ತಿದೀಯಾ? ಅವರಿಬ್ರೂ ಎಲ್ಲಿ?"

"ನೀನು ಕಳ್ದೋಗಿದ್ದೆ ಅಮ್ಮ!"

"ನಾನೆಲ್ಲಿ ಕಳ್ದೋದೆ? ಒಂದು ಅಂಗಡೀಲಿ ಬೊಂಬೆ ನೋಡ್ತಿದ್ದೆ. ತಿರುಗಿ ನೋಡಿದ್ರೆ ನೀವ್ಯಾರೂ ಇಲ್ಲ. ಕಳ್ದೋಗಿದ್ದು ನೀವು. ನಾನು ಚಪ್ಪಲಿ ಬಿಟ್ಟ ಜಾಗಕ್ಕೆ ಬಂದು ಕೂತೆ."

ಊಟದ ಹೊತ್ತಿಗೆ ಇದು ನಮ್ಮ ಮನೆಯ ದೊಡ್ಡ ತಮಾಷೆಯಾಯಿತು. ಶ್ರೀಧರ ನನ್ನ ಓಟವನ್ನು ಅಭಿನಯಿಸಿ ತೋರಿಸಿದ. ನಜೀಮಾ ವಿಡಿಯೋ ಕಾಲ್‌ನಲ್ಲಿ ನಗುತ್ತಾ ಕಣ್ಣೊರೆಸಿಕೊಂಡಳು. ನಾನು ಮಾತ್ರ ಪೂರ್ತಿ ನಗಲಾರದೆ ಹೋದೆ. ಯಾಕೆಂದರೆ ಐಸ್‌ಕ್ರೀಮ್ ತಿನ್ನುವಾಗ ಅಮ್ಮ ಮೇಘಾಳಿಗೆ, "ನಿಮ್ಮಪ್ಪ ಬೀಗ ಸರಿಯಾಗಿ ಹಾಕಿದಾರಾ ಕೇಳು" ಎಂದಿದ್ದಳು. ಅಮ್ಮ ಶ್ರೀಧರನ ಬಗ್ಗೆ ಹೇಳಿದಳೆಂದು ಮೇಘಾ ತಿಳಿದಳು. ಶ್ರೀಧರ ಯಾವತ್ತೂ ಬೀಗದ ಬಗ್ಗೆ ತಲೆ ಕೆಡಿಸಿಕೊಂಡವನಲ್ಲ. ಬೀಗ ಜಗ್ಗುತ್ತಿದ್ದವರು ನನ್ನ ಅಪ್ಪ.

ಪರ್ತ್‌ಗೆ ವಾಪಸ್ ಬಂದ ಮೇಲೆ ಅಮ್ಮ ಮಾಡುವ ಸಾರಿಗೆ ಉಪ್ಪು ಎರಡು ಸಲ ಬೀಳತೊಡಗಿತು. ಪಕ್ಕದ ಮನೆಯವರ ಹೆಸರು ಮರೆತಳು. ನಾನು ವೈದ್ಯೆ, ಆದ್ದರಿಂದ ಗೊತ್ತಾಯಿತು. ನಾನು ಮಗಳು, ಆದ್ದರಿಂದ ಗೊತ್ತಾಗಲಿಲ್ಲವೆಂಬಂತೆ ಕೆಲವು ತಿಂಗಳು ಇದ್ದೆ. ಕೊನೆಗೆ ತಜ್ಞರು ಪರೀಕ್ಷೆ ಮಾಡಿ, ಮರೆವು ಶುರುವಾಗಿದೆ, ನಿಧಾನವಾಗಿ ಹೆಚ್ಚಬಹುದು ಎಂದರು. ನಾನು ಬೇರೆಯವರಿಗೆ ಹೇಳುವ ಹಾಗೇ ಬಹಳ ಮೆತ್ತಗೆ ಹೇಳಿದರು. ಆ ದನಿಗೆ ಎಂಥ ಭಯ ಹುಟ್ಟಿಸುವ ಶಕ್ತಿ ಇದೆಯೆಂದು ನನಗೆ ಅವತ್ತು ತಿಳಿಯಿತು.

ಆದರೂ ಅಮ್ಮ ದಿನವೂ ನಮ್ಮ ಬೀದಿಯಲ್ಲಿ ಒಂದು ಸುತ್ತು ನಡೆದು ಬರುತ್ತಿದ್ದಳು. ದಾರಿ ಅವಳ ಕಾಲಿಗೆ ಗೊತ್ತಿತ್ತು. ಒಂದು ಮಧ್ಯಾಹ್ನ, ಇಲ್ಲಿನವರ ಮಾತಿನಲ್ಲಿ ಒಂದು ಆರ್ವೊ, ನಾನು ಬೇಗ ಮನೆಗೆ ಬಂದೆ. ಅಮ್ಮ ಇಲ್ಲ. ಗರಾಜಿನೊಳಗಿನ ಶೂ ರ‍್ಯಾಕಿನಲ್ಲಿ ಅವಳ ನೀಲಿ ಚಪ್ಪಲಿಯೂ ಇಲ್ಲ. ರಸ್ತೆಗೆ ಓಡಿದೆ. ನಮ್ಮ ಬಡಾವಣೆಯ ಮನೆಗಳೆಲ್ಲ ಒಂದೇ ಅಚ್ಚು, ಅದೇ ಇಟ್ಟಿಗೆ, ಅದೇ ಬೂದು ಚಾವಣಿ. ತಿರುವು ದಾಟಿದ ಮೇಲೆ ಒಂದು ಮನೆಯ ಬಾಗಿಲಲ್ಲಿ ಅಮ್ಮ ಕಂಡಳು. ಅಲ್ಲಿ ಯಾರದೋ ಮಣ್ಣು ಮೆತ್ತಿದ ಕೆಲಸದ ಬೂಟುಗಳಿದ್ದವು, ಒಂದು ಜೊತೆ ರಬ್ಬರ್ ಚಪ್ಪಲಿಯಿತ್ತು. ಅವುಗಳ ಪಕ್ಕದಲ್ಲಿ ಅಮ್ಮನ ನೀಲಿ ಚಪ್ಪಲಿ. ಅಮ್ಮ ಬರಿಗಾಲಲ್ಲಿ ಮೆಟ್ಟಿಲ ಮೇಲೆ ಕೂತಿದ್ದಳು. ಆ ಮನೆಯ ಹೆಂಗಸು ಅವಳಿಗೊಂದು ಲೋಟ ನೀರು ಕೊಟ್ಟು ಪಕ್ಕದಲ್ಲೇ ಕೂತಿದ್ದರು. "ಶೀ'ಸ್ ಆಲ್ ರೈಟ್, ಲವ್" ಎಂದರು ನನಗೆ.

"ಅಮ್ಮ, ನಮ್ಮನೆ ಆಕಡೆ ಅಲ್ವಾ?"

"ಅಲ್ಲಿಗೂ ಹೋಗಿದ್ದೆ ಕಣೇ" ಎಂದಳು ಅಮ್ಮ. "ನಮ್ಮನೆ ಥರಾನೇ ಇತ್ತು. ಆದ್ರೆ ಬಾಗ್ಲಲ್ಲಿ ಒಂದು ಚಪ್ಪಲಿನೂ ಇರ್ಲಿಲ್ಲ. ಜನ ಇರೋ ಮನೆ ಅಂದ್ರೆ ಚಪ್ಪಲಿ ಇರಲ್ವೇನೇ? ಇಲ್ಲಿ ಇತ್ತು. ಆದ್ರೆ ನಿಮ್ದು ಯಾವ್ದೂ ಇರ್ಲಿಲ್ಲ. ಇನ್ನೂ ಬಂದಿಲ್ಲ ಅಂದ್ಕೊಂಡು ಕೂತೆ." ನನ್ನ ಕೈ ಹಿಡಿದಳು. "ತುಂಬಾ ಹೊತ್ತಾಯ್ತು ಸವಿ. ಭಯ ಆಯ್ತು."

ಹಾವಿನ ಬಚ್ಚಲಿಗೆ ಪೊರಕೆ ಹಿಡಿದು ಹೋದವಳ ಬಾಯಲ್ಲಿ ಆ ಮಾತನ್ನು ನಾನು ಅದೇ ಮೊದಲು ಕೇಳಿದ್ದು.

ಅವತ್ತೇ ನಾವು ರ‍್ಯಾಕನ್ನು ಗರಾಜಿನಿಂದ ಹೊರಗೆ ತಂದೆವು. ಶ್ರೀಧರನ ದೊಡ್ಡ ಶೂ, ಮೇಘಾಳ ಶಾಲೆಯ ಶೂ, ನನ್ನವು, ಹಳೆಯವು, ಸವೆದವು ಎಲ್ಲವನ್ನೂ ರಸ್ತೆಗೆ ಕಾಣುವ ಹಾಗೆ ಬಾಗಿಲ ಮುಂದೆ ಸಾಲಾಗಿ ಬಿಟ್ಟೆವು. ಸ್ಪೈಡರ್ಸ್ ಎಂದು ಮೇಘಾ ಹೇಳಲೇ ಇಲ್ಲ. ಅವಳೇ ತನ್ನ ಹೊಳೆಯುವ ಹಳದಿ ಸ್ಯಾಂಡಲ್ ತಂದು ಎಲ್ಲಕ್ಕಿಂತ ಮುಂದೆ ಇಟ್ಟಳು. "ಸೋ ಶೀ ಕ್ಯಾನ್ ಸೀ ಇಟ್ ಫ್ರಮ್ ಫಾರ್" ಎಂದಳು. ಅಮ್ಮ ಈಗ ಒಬ್ಬಳೇ ಹೊರಗೆ ಹೋಗುವುದಿಲ್ಲ, ಹಗಲು ಜೊತೆಗೊಬ್ಬರು ಇರುತ್ತಾರೆ. ಆದರೂ ಚಪ್ಪಲಿಗಳು ಹೊರಗೇ ಇವೆ. ನಾನು ಬೆಳಿಗ್ಗೆ ಅವುಗಳನ್ನು ಬಡಿಯುತ್ತೇನೆ.

ರಶ್ಮಿಗೆ ನೀರಿನ ನಲ್ಲಿಯ ವಿಷಯ ಬರೆದೆ, ಕಾಫಿಯ ವಿಷಯ ಬರೆದೆ, ಬಸ್ ಟಿಕೆಟ್ಟಿನದೂ ಬರೆದೆ. ಕಳ್ಳರ ವಿಷಯ ಬರೆಯಲಿಲ್ಲ. ಕೊನೆಯಲ್ಲಿ ಹೀಗೆ ಬರೆದೆ: ನಿಮ್ಮತ್ತೆಯ ಫೋನ್ ಅವರ ಹತ್ತಿರವೇ ಇರಲಿ. ದಿನಾ ಬೆಳಿಗ್ಗೆ ಅವರು ಉಟ್ಟ ಸೀರೆ ಯಾವುದೆಂದು ನೋಡಿಕೋ. ಎಲ್ಲಿಗೆ ಹೋದರೂ ಮೊದಲು ಚಪ್ಪಲಿ ಬಿಟ್ಟ ಜಾಗ ಯಾವುದೆಂದು ಗೊತ್ತು ಮಾಡಿಕೊಳ್ಳಿ.

"ಅಕ್ಕಾ, ರೋಮ್‌ನಲ್ಲಿ ಚಪ್ಪಲಿ ಎಲ್ಲಿ ಬಿಡ್ತಾರೆ?" ಎಂದು ನಗುವ ಮುಖದ ಜೊತೆ ಉತ್ತರ ಬಂತು. ಫೋನಿನಲ್ಲಿ ಎಲ್ಲ ಹೇಳುತ್ತೇನೆಂದು ಬರೆದೆ.

ಇವತ್ತು ಸಂಜೆ ಕೆಲಸದಿಂದ ಬರುವಾಗ ನಮ್ಮ ಬೀದಿಯ ತಿರುವಿನಲ್ಲಿ ಎಂದಿನಂತೆ ಕಾರು ನಿಧಾನ ಮಾಡಿದೆ. ಆ ತಿರುವು ದಾಟುವಾಗ ದಿನವೂ ಬಾಗಿಲ ಮುಂದಿನ ಸಾಲನ್ನೇ ಹುಡುಕುತ್ತೇನೆ. ಮೊದಲು ಹಳದಿ ಸ್ಯಾಂಡಲ್ ಕಾಣಿಸಿತು. ಅದರ ಪಕ್ಕದಲ್ಲಿ ನೀಲಿ ಚಪ್ಪಲಿ ಇತ್ತು. ಅಮ್ಮ ಸೊಳ್ಳೆಪರದೆಯ ಬಾಗಿಲ ಹಿಂದೆ ನಿಂತು ಸಾಲನ್ನು ನೋಡುತ್ತಿದ್ದಳು. ಇವತ್ತು ನನ್ನ ಹೆಸರು ಅವಳಿಗೆ ತಕ್ಷಣ ಹೊಳೆಯಲಿಲ್ಲ. ನಾನು ಶೂ ಕಳಚಿ ಅವಳ ಚಪ್ಪಲಿಯ ಪಕ್ಕ ಬಿಟ್ಟೆ. ಅವಳು ಶೂ ನೋಡಿದಳು, ಆಮೇಲೆ ನನ್ನ ಮುಖ ನೋಡಿದಳು.

"ಬಂದ್ಯಾ?" ಎಂದಳು.